ನಾಗಾಲೋಟಕ್ಕೆ ಮುನ್ನ

ನಾಸಿಕಕ್ಕೆ ವರ್ಗವಾಗಿ ಬಂದ ಎರಡನೆಯ ವರ್ಷ, ನನ್ನ 44ನೆಯ ವಯಸ್ಸಿನಲ್ಲಿ, ನಾನು ಕುದುರೆ ಸವಾರಿ ಕಲಿಯಲು ಹೊರಟೆ. ಕಡತಗಳ ನಡುವೆ ಬೆನ್ನು ಬಾಗಿಸಿಕೊಂಡವನಿಗೆ ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮನೆಯವರು ನಕ್ಕರು. ಮೊದಲ ಎರಡು ತಿಂಗಳು ನಡಿಗೆ ಮತ್ತು ಕುಕ್ಕುಲೋಟದಲ್ಲಿಯೇ ಕಳೆದವು. ಮೂರನೆಯ ತಿಂಗಳ ಒಂದು ಮುಂಜಾನೆ, ಗುರುಗಳ ಅಪ್ಪಣೆಗೆ ಕಾಯದೆ, ಹಿಮ್ಮಡಿಯಿಂದ ಕುದುರೆಯ ಪಕ್ಕೆಯನ್ನು ಒತ್ತಿದೆ. ಅದು ಓಡಿತು, ನಾನು ಗಾಬರಿಯಿಂದ ಲಗಾಮನ್ನು ಎಳೆದು, ಕಾಲುಗಳಿಂದ ಅದರ ಹೊಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ. ಕೈ ‘ನಿಲ್ಲು’ ಎನ್ನುತ್ತಿತ್ತು, ಕಾಲು ‘ಓಡು’ ಎನ್ನುತ್ತಿತ್ತು. ಎರಡು ಆಜ್ಞೆಗಳ ನಡುವೆ ಸಿಕ್ಕಿದ ಪ್ರಾಣಿ ನನ್ನನ್ನು ಮಣ್ಣಿಗೆ ಇಳಿಸಿ, ಸ್ವಲ್ಪ ದೂರದಲ್ಲಿ ನಿಂತು ಹಿಂದಿರುಗಿ ನೋಡಿತು. ವೃದ್ಧ ಗುರುಗಳು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: “ಸಾಹೇಬ, ಓಡಿಸುವುದನ್ನು ಕುದುರೆಗೆ ಯಾರೂ ಕಲಿಸಬೇಕಾಗಿಲ್ಲ. ಯಾವಾಗ ಓಡಿಸಬಾರದು ಎಂಬುದನ್ನು ಸವಾರ ಕಲಿಯಬೇಕು.”

ಊದಿಕೊಂಡ ಭುಜವನ್ನು ನೇವರಿಸಿಕೊಳ್ಳುತ್ತ ಮಲಗಿದ ದಿನಗಳಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಕಚೇರಿಯ ಕೆಲಸದ ಮೇಲೆ ಆಗಾಗ ಓಡಾಡುವ ನಾಸಿಕ–ಛತ್ರಪತಿ ಸಂಭಾಜಿನಗರದ ದಾರಿಯೂ, ಅದರ ಆಚೆಯ ಬಯಲೂ ಕುದುರೆಗಳ ಗೊರಸಿನಿಂದ ಬರೆಯಲ್ಪಟ್ಟ ಇತಿಹಾಸವುಳ್ಳವು. ಆ ಇತಿಹಾಸದಲ್ಲಿ ಮೈಸೂರಿನ ಸವಾರರ ಒಂದು ಪುಟವಿದೆ. ಗುರುಗಳ ಮಾತು ಆ ಪುಟಕ್ಕೆ ಬರೆದ ವ್ಯಾಖ್ಯಾನದಂತೆ ನನಗೆ ತೋರಿತು.

ಮೊದಲು ಕುದುರೆಯ ಗತಿಗಳನ್ನು ಅರಿಯಬೇಕು. ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದೊಂದಾಗಿ, ಸಮಾನ ಅಂತರದಲ್ಲಿ ನೆಲ ಮುಟ್ಟುತ್ತವೆ. ಕುಕ್ಕುಲೋಟದಲ್ಲಿ ಎಡ ಮುಂಗಾಲು ಬಲ ಹಿಂಗಾಲಿನೊಡನೆ, ಬಲ ಮುಂಗಾಲು ಎಡ ಹಿಂಗಾಲಿನೊಡನೆ, ಹೀಗೆ ಮೂಲೆಯಿಂದ ಮೂಲೆಗೆ ಜೋಡಿಯಾಗಿ ಬೀಳುತ್ತವೆ. ಕಿವಿಗೆ ಕೇಳುವುದು ‘ತಕ, ತಕ’ ಎಂಬ ಎರಡು ಪೆಟ್ಟು. ಇಂಗ್ಲಿಷರು ಕ್ಯಾಂಟರ್ ಎನ್ನುವ ಮುಂದಿನ ಗತಿಯಲ್ಲಿ ಪೆಟ್ಟುಗಳು ಮೂರು: ಮೊದಲು ಒಂದು ಹಿಂಗಾಲು, ಬಳಿಕ ಇನ್ನೊಂದು ಹಿಂಗಾಲು ಮತ್ತು ಅದರ ಮೂಲೆಯ ಮುಂಗಾಲು ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು, ಅನಂತರ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣದ ಮೌನ. ನಮ್ಮ ಸಂಗೀತದ ಮಾತಿನಲ್ಲಿ ಅದು ‘ತಕಿಟ’. ವೇಗ ಇನ್ನೂ ಹೆಚ್ಚಿದಾಗ ಜೊತೆಯಾಗಿ ಬೀಳುತ್ತಿದ್ದ ಆ ಎರಡು ಕಾಲುಗಳೂ ಬೇರ್ಪಟ್ಟು, ನಾಲ್ಕು ಪೆಟ್ಟಿನ ‘ತಕಧಿಮಿ’ ಹುಟ್ಟುತ್ತದೆ. ಅದೇ ನಾಗಾಲೋಟ, ನಾಲ್ಕು ಕಾಲುಗಳ ಓಟ. ಮರಾಠಿಯವರೂ ನಾಲ್ಕು ಗೊರಸುಗಳನ್ನೇ ಎಣಿಸಿ ‘ಚೌಖೂರ್’ ಎನ್ನುತ್ತಾರೆ. ಎರಡು ನೆರೆಯ ನುಡಿಗಳು ಒಂದೇ ಕಿವಿಯಿಂದ ಕೇಳಿಸಿಕೊಂಡಂತಿವೆ. ಕ್ಯಾಂಟರ್ ಎಂಬ ಪದದ ಹುಟ್ಟು ಬೇರೆ: ಕ್ಯಾಂಟರ್‌ಬರಿಗೆ ಹೋಗುತ್ತಿದ್ದ ಯಾತ್ರಿಕರ ಹದವಾದ ಓಟದಿಂದ ಬಂದ ಹೆಸರದು. ಎಂ.ಎ. ತರಗತಿಯಲ್ಲಿ ಚಾಸರನನ್ನು ಓದಿದ ನನಗೆ, ಆ ಯಾತ್ರಿಕರ ವೇಗ ಎಷ್ಟೆಂಬುದು ತಿಳಿದದ್ದು ಕುದುರೆಯಿಂದ ಬಿದ್ದ ಮೇಲೆ.

ನಾಲ್ಕೂ ಕಾಲು ನೆಲ ಬಿಡುವ ಆ ಕ್ಷಣವನ್ನು ಮನುಷ್ಯನ ಕಣ್ಣು ಶತಮಾನಗಳ ಕಾಲ ತಪ್ಪಾಗಿ ಕಂಡಿತ್ತು. ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿ ಕುದುರೆ ಹಾರುತ್ತಿರುವಂತೆ ಚಿತ್ರಕಾರರು ಬರೆದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಇಟ್ಟ ಕ್ಯಾಮೆರಾಗಳಿಂದ ತೆಗೆದ ಛಾಯಾಚಿತ್ರಗಳು ಸತ್ಯವನ್ನು ತೋರಿಸಿದವು. ನಾಗಾಲೋಟದ ಕುದುರೆ ಗಾಳಿಯಲ್ಲಿರುವುದು ಕಾಲುಗಳನ್ನು ಚಾಚಿದಾಗಲ್ಲ. ಹೊಟ್ಟೆಯ ಕೆಳಗೆ ಮಡಚಿ ಒಟ್ಟುಗೂಡಿಸಿಕೊಂಡಾಗ.

ಗತಿಯ ಬದಲಾವಣೆಯೊಡನೆ ಉಸಿರೂ ಬದಲಾಗುತ್ತದೆ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ಕ್ಯಾಂಟರ್ ಮತ್ತು ನಾಗಾಲೋಟದಲ್ಲಿ ಅದರ ಶ್ವಾಸ ಹೆಜ್ಜೆಗೆ ಕಟ್ಟುಬೀಳುತ್ತದೆ: ಒಂದು ಹಾರುಹೆಜ್ಜೆಗೆ ಒಂದೇ ಉಸಿರು. ದೇಹ ಮುಂದಕ್ಕೆ ನೆಗೆಯುವಾಗ ಶ್ವಾಸ ಒಳಗೆ, ಮುಂಗಾಲುಗಳು ನೆಲಕ್ಕೆ ಊರುವಾಗ ಹೊರಗೆ. ದಣಿದೆನೆಂದು ನಡುವೆ ಒಂದು ಹೆಚ್ಚಿನ ಉಸಿರನ್ನು ಎಳೆದುಕೊಳ್ಳುವ ಅವಕಾಶ ಅದಕ್ಕಿಲ್ಲ. ಹಾಗಾಗಿ ನಾಗಾಲೋಟವೆಂಬುದು ಗಂಟಿನಲ್ಲಿರುವ ಹಣದಂತೆ. ಒಮ್ಮೆ ಖರ್ಚಾದರೆ ಆ ದಿನಕ್ಕೆ ಮತ್ತೆ ಸುಲಭವಾಗಿ ಸಿಗುವುದಿಲ್ಲ.

ನಮ್ಮ ಪೂರ್ವಿಕರಿಗೆ ಈ ಲೆಕ್ಕ ಗೊತ್ತಿತ್ತು. ಅಮರಕೋಶ ಕುದುರೆಯ ಐದು ‘ಧಾರೆ’ಗಳನ್ನು ಹೆಸರಿಸುತ್ತದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷನ ಅಧ್ಯಾಯದಲ್ಲಿಯೂ ಗತಿಗಳ ವಿಂಗಡಣೆಯಿದೆ. ಆದರೆ ಅಲ್ಲಿ ಸವಾರಿ ಕುದುರೆಯ ಯೋಗ್ಯತೆಯನ್ನು ಅಳೆಯುವುದು 5, 7½, 10 ಯೋಜನಗಳೆಂಬ ಪ್ರಯಾಣದ ದೂರದಿಂದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟವನ್ನೂ ಅರಸನ ವಿನೋದಗಳಲ್ಲಿ ಸೇರಿಸುತ್ತದೆ. ಆ ಚಾಲುಕ್ಯರ ಬಳಿಕ ದೇವಗಿರಿಯಿಂದ ಆಳಿದ ಸೇವುಣರು ನೂರಾರು ಕನ್ನಡ ಶಾಸನಗಳನ್ನು ಬಿಟ್ಟುಹೋದವರು. ದೌಲತಾಬಾದಿನ ಕೋಟೆಯ ಕೆಳಗೆ ನಿಂತಾಗಲೆಲ್ಲ, ಇಲ್ಲಿ ನಾನು ಪೂರ್ತಿ ಪರದೇಶಿಯಲ್ಲ ಎನಿಸುವುದು ಅದಕ್ಕೇ.

ಇದೇ ನೆಲದಲ್ಲಿ 1610ರಲ್ಲಿ ಖಡ್ಕಿ ಎಂಬ ಊರನ್ನು ಕಟ್ಟಿದವನು ಮಲಿಕ್ ಅಂಬರ್. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ನಿಜಾಮಶಾಹಿಯ ಸೂತ್ರಧಾರನಾದ ಅವನ ಆ ಊರೇ ಮುಂದೆ ಔರಂಗಾಬಾದ್ ಆಗಿ, 2023ರಿಂದ ಛತ್ರಪತಿ ಸಂಭಾಜಿನಗರವೆನಿಸಿದೆ. ಭಾರಿ ಮೊಗಲ್ ಸೇನೆಗೆ ಎದುರಾಗಿ ಅವನು ಬಳಸಿದ್ದು ಹಗುರ ಮೈಯ ದಖ್ಖನಿ ಕುದುರೆಗಳನ್ನು, ಅವುಗಳ ಮೇಲೆ ಮರಾಠ ಬಾರ್ಗೀರರನ್ನು. ಇಂಥ ದಂಡಿನ ಶಕ್ತಿ ಮುಖಾಮುಖಿ ನುಗ್ಗುವುದರಲ್ಲಿರಲಿಲ್ಲ. ದಿನವಿಡೀ ಹದವಾದ ಗತಿಯಲ್ಲಿ ಸಾಗಿ, ಶತ್ರುವಿನ ಮೇವು–ಧಾನ್ಯದ ದಾರಿಯನ್ನು ಕತ್ತರಿಸಿ, ಅವನು ತಿರುಗುವ ಮೊದಲೇ ಮರೆಯಾಗುವುದರಲ್ಲಿತ್ತು. ನಾಗಾಲೋಟ ಕೊನೆಯ ಆಯುಧ, ಅದೂ ಅನೇಕ ಸಲ ಪಾರಾಗಲು.

ಈ ಜಾಗರೂಕತೆಯ ಹಿಂದೆ ಒಂದು ಸಂಸಾರದ ಲೆಕ್ಕವೂ ಇತ್ತು. ಬಾರ್ಗೀರನೆಂದರೆ ಸರ್ಕಾರದ ಅಥವಾ ಸರದಾರನ ಕುದುರೆಯನ್ನು ಏರುವವನು. ಸಿಲೇದಾರನೆಂದರೆ ಸ್ವಂತ ಕುದುರೆಯೊಡನೆ ಚಾಕರಿಗೆ ಬರುವವನು. ಸಿಲೇದಾರನಿಗೆ ಕುದುರೆಯೇ ಬಂಡವಾಳ. ಅದು ಸತ್ತರೆ ಚಾಕರಿಯೂ ಹೋಯಿತು, ಮನೆಯ ಒಲೆಯೂ ಆರಿತು. ಮೈಸೂರು ಸಂಸ್ಥಾನದ ಕುದುರೆ ದಂಡಿನಲ್ಲಿ ಇಂಥ ಸಿಲೇದಾರರೇ ಹೆಚ್ಚು. ಶ್ರೀರಂಗಪಟ್ಟಣದ ಪತನಾನಂತರ ಒಡೆಯರ ಸಂಸ್ಥಾನ ಕಂಪನಿಯ ಯುದ್ಧಗಳಿಗೆ ಸವಾರರನ್ನು ಕಳಿಸಬೇಕಾಗಿತ್ತು. 1807ರ ಒಪ್ಪಂದದಲ್ಲಿ ಅವರ ಸಂಖ್ಯೆಯನ್ನು 4,000 ಎಂದೇ ನಿಗದಿಪಡಿಸಲಾಯಿತು. ಅದಕ್ಕೂ ಮೊದಲೇ, 1803ರಲ್ಲಿ, ದಿವಾನ್ ಪೂರ್ಣಯ್ಯನವರು ಕಳಿಸಿದ ಎರಡು ಸಾವಿರಕ್ಕೂ ಮಿಕ್ಕ ಸವಾರರು ಆರ್ಥರ್ ವೆಲ್ಲೆಸ್ಲಿಯೊಡನೆ ಈ ಸೀಮೆಗೆ ಬಂದಿದ್ದರು.

ಅಸಾಯೆ ಎಂಬ ಹಳ್ಳಿ ಇಂದು ಜಾಲನಾ ಜಿಲ್ಲೆಯಲ್ಲಿದೆ. 1981ರವರೆಗೆ ಅದು ಔರಂಗಾಬಾದ್ ಜಿಲ್ಲೆಯದೇ. ಕೇಳ್ಣಾ ಮತ್ತು ಜುಯಿ ಎಂಬ ಎರಡು ಸಣ್ಣ ಹೊಳೆಗಳು ಕೂಡುವ ಕೋನದಲ್ಲಿ, ಹತ್ತಿಯ ಹೊಲಗಳ ನಡುವೆ ಆ ಊರು. ಒಂದು ಭಾನುವಾರ ಸಂಭಾಜಿನಗರದಿಂದ ಅಲ್ಲಿಗೆ ಹೋದೆ. 1803ರ ಸೆಪ್ಟೆಂಬರ್ 23ರಂದು ಇಲ್ಲಿ ವೆಲ್ಲೆಸ್ಲಿ, ದೌಲತರಾವ್ ಶಿಂಧೆ ಮತ್ತು ನಾಗಪುರದ ಭೋಂಸಲೆಯ ಕೂಡುಸೇನೆಯನ್ನು ಎದುರಿಸಿದನು. ಬೆಳಗಿನಿಂದ ನಡೆದು ಬಂದ ದಂಡು ಅವನದು. ಎದುರಾಳಿಯ ಬಲ ಅವನದಕ್ಕಿಂತ ಹಲವು ಪಟ್ಟು ಹೆಚ್ಚು; ಅದರಲ್ಲೂ ಅಪಾರ ಕುದುರೆ ದಂಡು.

ಆ ದಿನದ ಕಥೆಯಲ್ಲಿ ಎಲ್ಲರೂ ಹೇಳುವುದು ಕರ್ನಲ್ ಮ್ಯಾಕ್ಸ್‌ವೆಲ್ಲನ ದಾಳಿಯನ್ನು. ಅಸಾಯೆಯ ತೋಪುಗಳ ಬಾಯಿಗೆ ಸಿಕ್ಕು 74ನೇ ಹೈಲ್ಯಾಂಡರ್ಸ್ ಪಡೆ ನುಚ್ಚುನೂರಾಗುತ್ತಿದ್ದಾಗ, 19ನೇ ಲೈಟ್ ಡ್ರಾಗೂನ್ಸ್ ಮತ್ತು ಮದ್ರಾಸಿನ ದೇಶೀ ಅಶ್ವದಳದವರು ನಾಗಾಲೋಟದಲ್ಲಿ ನುಗ್ಗಿ ಅವರನ್ನು ಉಳಿಸಿದರು. ಸರಿಯಾದ ಗಳಿಗೆಯಲ್ಲಿ ಖರ್ಚಾದ ಉಸಿರು ಅದು. ಆದರೆ ಓಟ ಅಲ್ಲಿಗೆ ನಿಲ್ಲಲಿಲ್ಲ. ಬೆನ್ನಟ್ಟುವ ಉತ್ಸಾಹದಲ್ಲಿ ದಳ ಜುಯಿಯನ್ನೂ ದಾಟಿ ಚದುರಿತು. ಸಂಜೆಯ ಮುನ್ನ ಮತ್ತೊಮ್ಮೆ ದಾಳಿಗೆ ಕರೆ ಬಂದಾಗ ಮ್ಯಾಕ್ಸ್‌ವೆಲ್ ಗುಂಡಿಗೆ ಬಲಿಯಾದನು. ದಳ ದಿಕ್ಕು ತಪ್ಪಿತು. ಗೆಲುವು ಕೈಗೆ ಬಂದಿತ್ತು. ಆದರೆ ಹಿಮ್ಮೆಟ್ಟುವ ಸೇನೆಯನ್ನು ಬೆನ್ನಟ್ಟಲು ದಣಿದ ಕುದುರೆಗಳಲ್ಲಿ ಏನೂ ಉಳಿದಿರಲಿಲ್ಲ. ವೆಲ್ಲೆಸ್ಲಿಯ ಪಕ್ಷದಲ್ಲಿ ಸತ್ತವರು 428, ಗಾಯಗೊಂಡವರು 1,138.

ಹಾಗಾದರೆ ಮೈಸೂರಿನ ಸವಾರರು ಎಲ್ಲಿದ್ದರು? ವೆಲ್ಲೆಸ್ಲಿ ಅವರನ್ನು ಪೇಶ್ವೆಯ ಸವಾರರೊಡನೆ ಕೇಳ್ಣಾ ಹೊಳೆಯ ಆಚೆಯಲ್ಲೇ ನಿಲ್ಲಿಸಿದ್ದನು. ಎದುರಾಳಿಯ ಒಂದು ದೊಡ್ಡ ಕುದುರೆ ದಂಡು ಸೇನೆಯ ಪಾರ್ಶ್ವಕ್ಕೆ ಬಂದು ಬೀಳದಂತೆ ತಡೆದು ನಿಲ್ಲುವುದು ಅವರ ಕೆಲಸ. ಅವರು ನಿಂತರು, ಪಾರ್ಶ್ವ ಉಳಿಯಿತು. ನಿಂತವರ ಬಗ್ಗೆ ಲಾವಣಿ ಹುಟ್ಟುವುದಿಲ್ಲ, ಚಿತ್ರ ಬರೆಯುವುದಿಲ್ಲ. ವರದಿಯಲ್ಲಿ ಅವರಿಗೆ ದಕ್ಕಿದ್ದು ಒಂದೆರಡು ಸಾಲು. ಸಿಲೇದಾರರ ಎಚ್ಚರಿಕೆಯನ್ನು ಪುಕ್ಕಲುತನವೆಂದು ಕಂಡ ಬಿಳಿಯ ಅಧಿಕಾರಿಗಳೂ ಇದ್ದರು. ಆ ಸವಾರರ ಹಿಂದೆ ಚಿತ್ರದುರ್ಗದಲ್ಲೋ ಸಿರಾದಲ್ಲೋ ಒಂದೊಂದು ಮನೆ ಕಾಯುತ್ತಿದ್ದಿರಬಹುದು ಎಂಬುದು ಅವರಿಗೆ ಕಾಣಲಿಲ್ಲ. ತುದಿಗಾಲ ಮೇಲಿರುವ ಎರಡು ಸಾವಿರ ಕುದುರೆಗಳನ್ನು, ಮೈಲಿ ದೂರದಲ್ಲಿ ತೋಪುಗಳು ಗುಡುಗುತ್ತಿರುವಾಗ, ಗಂಟೆಗಟ್ಟಲೆ ನಿಲ್ಲಿಸಿಕೊಂಡಿರುವುದು ಓಡಿಸುವುದಕ್ಕಿಂತ ಕಷ್ಟ. ಒಂದೇ ಒಂದು ಕುದುರೆಯನ್ನು ನಿಲ್ಲಿಸಲಾರದೆ ಬಿದ್ದ ನನಗೆ ಅದರಲ್ಲಿ ಸಂದೇಹವಿಲ್ಲ.

ತಾರೀಖುಗಳಿಗೆ ತಮ್ಮದೇ ಆದ ವಿನೋದವಿದೆ. ಸರಿಯಾಗಿ 115 ವರ್ಷಗಳ ಬಳಿಕ, 1918ರ ಅದೇ ಸೆಪ್ಟೆಂಬರ್ 23ರಂದು, ಮೈಸೂರಿನ ಸವಾರರು ಮತ್ತೊಂದು ಪರನಾಡಿನಲ್ಲಿ, ಮತ್ತೊಂದು ಸಣ್ಣ ಹೊಳೆಯ ಬಳಿ ಇದ್ದರು. ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರ ಮತ್ತು ಜರ್ಮನರ ಮೆಷಿನ್ ಗನ್ನುಗಳು ಕಾಯುತ್ತಿದ್ದವು. ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕಿಶೋನ್ ಹೊಳೆ. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಬೆಟ್ಟದ ಕಡಿದಾದ ಏರನ್ನು ಹತ್ತಿ ಮೇಲಿನ ತೋಪುಗಳತ್ತ ಸಾಗಿತು. ಕೆಳಗೆ ಜೋಧಪುರ ಲ್ಯಾನ್ಸರ್ಸ್ ಹೊಳೆಯತ್ತ ನುಗ್ಗಿದರು. ದಂಡೆಯಲ್ಲಿ ಕುದುರೆಗಳು ಹೂತುಹೋಗುವ ಕೆಸರಿದೆಯೆಂದು ತಿಳಿದೊಡನೆ, ಗುಂಡಿನ ಮಳೆಯ ನಡುವೆಯೇ ಎಡಕ್ಕೆ ಹೊರಳಿ ಇಕ್ಕಟ್ಟಿನ ದಾರಿಯಲ್ಲಿ ಪಟ್ಟಣದತ್ತ ಧಾವಿಸಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿ ಮಡಿದರು. ಉಳಿದ ಮೈಸೂರು ಸವಾರರು ಅವರ ಹಿಂದೆಯೇ ಹೈಫಾವನ್ನು ಹೊಕ್ಕರು.

ಅಂದು ನಿಂತಿದ್ದರೆ ಎಲ್ಲರೂ ಸಾಯುತ್ತಿದ್ದರು. ಗನ್ನಿನ ಹಿಂದಿದ್ದವನು ಗುರಿಯನ್ನು ಸರಿಪಡಿಸಿಕೊಳ್ಳುವ ಮೊದಲೇ ದೂರವನ್ನು ದಾಟಿಬಿಡುವುದೇ ಉಳಿಯುವ ಉಪಾಯವಾಗಿತ್ತು. ಸೆರೆ ಸಿಕ್ಕವರು 1,350. ಸತ್ತ ಭಾರತೀಯ ಸವಾರರು ಎಂಟು ಮಂದಿ, ಗಾಯಗೊಂಡವರು 34. ಪಟ್ಟಿಯ ಇನ್ನೊಂದು ಸಾಲನ್ನು ನಾವು ಓದುವುದು ಕಡಿಮೆ: ಸತ್ತ ಕುದುರೆಗಳು 60, ಗಾಯಗೊಂಡವು 83. ವೇಗ ಸವಾರರನ್ನು ಉಳಿಸಿತು. ಅದರ ಬೆಲೆಯನ್ನು ತೆತ್ತವು ಕುದುರೆಗಳು.

ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು, ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಲ್ಯಾನ್ಸರ್ಸ್‌ಗೆ ಸ್ಮಾರಕವಿದೆ. ಹೈಫಾ ನಮಗೆ ನೆನಪಿದೆ, ನೆನಪಿರಬೇಕು. ಆದರೆ ಕೇಳ್ಣಾ ಹೊಳೆಯ ದಂಡೆಯಲ್ಲಿ ನಮ್ಮವರ ಗುರುತಿನ ಒಂದು ಕಲ್ಲನ್ನೂ ನಾನು ಕಾಣಲಿಲ್ಲ. ಓಡಿದವರಿಗೆ ವಿಗ್ರಹ, ಓಡದೆ ನಿಂತವರಿಗೆ ಮರೆವು. ವೆಲ್ಲೆಸ್ಲಿ ಮಾತ್ರ ಮರೆತಿರಲಿಕ್ಕಿಲ್ಲ. 1812ರಲ್ಲಿ, ಸ್ಪೇನಿನ ಯುದ್ಧದ ನಡುವೆ, ವೆಲ್ಲಿಂಗ್ಟನ್ ಎಂಬ ಹೊಸ ಹೆಸರಿನಲ್ಲಿ ಅವನು ಕಟುವಾಗಿ ದೂರಿದ್ದಾನೆ: ತನ್ನ ಅಶ್ವದಳದ ಅಧಿಕಾರಿಗಳು ಕಂಡದ್ದರ ಮೇಲೆಲ್ಲ ನಾಗಾಲೋಟದಲ್ಲಿ ನುಗ್ಗುತ್ತಾರೆ, ಹಿಂದೆ ಒಂದು ತುಕಡಿಯನ್ನೂ ಉಳಿಸಿಕೊಳ್ಳುವುದಿಲ್ಲ ಎಂದು. ಅದನ್ನು ಓದಿದಾಗ, ಅಸಾಯೆಯ ಆ ಸಂಜೆ ಅವನ ಕಣ್ಣ ಮುಂದೆ ಇದ್ದಿರಬೇಕೆಂದು ನನಗೆ ಅನಿಸಿತು.

ಭುಜ ವಾಸಿಯಾದ ಮೇಲೆ ಮತ್ತೆ ಮೈದಾನಕ್ಕೆ ಹೋದೆ. ಗುರುಗಳು ಒಂದು ತಿಂಗಳು ನನ್ನಿಂದ ಕುಕ್ಕುಲೋಟದಿಂದ ನಡಿಗೆಗೆ, ನಡಿಗೆಯಿಂದ ನಿಲುಗಡೆಗೆ ಇಳಿಯುವುದನ್ನೇ ಮಾಡಿಸಿದರು. ಬಳಿಕ ಒಂದು ದಿನ, “ಈಗ” ಎಂದರು. ಹಿಂದಕ್ಕೆ ಎಳೆಯುತ್ತಿದ್ದ ಕೈಯನ್ನು ಸಡಿಲಿಸಿ, ಬೆನ್ನನ್ನು ನೆಟ್ಟಗಿರಿಸಿ, ರಿಕಾಪಿನಲ್ಲಿ ಪಾದವನ್ನು ಹಗುರವಾಗಿ ಊರಿ, ಹೊರಗಾಲಿನಿಂದ ಮೃದುವಾಗಿ ಸೂಚಿಸಿದೆ. ತಕಿಟ, ತಕಿಟ, ತಕಿಟ. ಮೈದಾನವನ್ನು ಎರಡು ಸುತ್ತು ಬಂದು, ಕುದುರೆಯ ಉಸಿರು ಇನ್ನೂ ಅದರ ಬಳಿಯಲ್ಲೇ ಇರುವಾಗ, ನಾನಾಗಿಯೇ ನಿಲ್ಲಿಸಿದೆ. ಗುರುಗಳು ತಲೆದೂಗಿದ್ದು ಓಟಕ್ಕಲ್ಲ, ಆ ನಿಲುಗಡೆಗೆ.