ಪ್ರಥಮ ಶ್ವಾಸದ ದರ್ಶನ

ಶಿಶುವು ಗರ್ಭದಲ್ಲಿರುವಷ್ಟು ಕಾಲವೂ ಅದರ ಶ್ವಾಸಕೋಶಗಳಲ್ಲಿ ದ್ರವವು ತುಂಬಿರುತ್ತದೆ. ಜನಿಸಿದೊಡನೆಯೇ ಆ ದ್ರವವು ತೊಲಗಿ ವಾಯುವು ಒಳಹೊಗಬೇಕು, ಇಲ್ಲದಿದ್ದರೆ ಜೀವವುಳಿಯದು. ಈ ವ್ಯಾಪಾರವನ್ನು ಬಹುಕಾಲ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಜರ್ಮನಿ ದೇಶದ ರಾಂಟ್‌ಗನ್ ಪಂಡಿತನು 1895ನೆಯ ಇಸವಿ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದನು. ಬೆಳಕಿನಂತೆ ಇವೂ ಪಟ್ಟಕದಲ್ಲಿ ಹಾಯುವಾಗ ಬಾಗುವುವೋ ಎಂದು ಆತನು ಪರೀಕ್ಷಿಸಿದನು, ಬಾಗಿದುದು ಕಾಣಿಸಲಿಲ್ಲ. ಮರುವರ್ಷದ ಕೊನೆಗೆ, ಅಮೆರಿಕದ ಹಾರ್ವರ್ಡ್‌ನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್, ಸಜೀವ ಪ್ರಾಣಿಗಳ ಅನ್ನಮಾರ್ಗವನ್ನು ಈ ಕಿರಣಗಳಿಂದ ನೋಡತೊಡಗಿದನು. ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ತಿಂದ ಬೆಕ್ಕಿನ ಜಠರವು ಚಲಿಸುವುದೂ, ಬೆಕ್ಕು ಕಳವಳಗೊಂಡಾಗ ಆ ಚಲನೆ ನಿಂತುಹೋಗುವುದೂ ಆತನಿಗೆ ಗೋಚರವಾದುವು.

ಶ್ವಾಸಕೋಶಕ್ಕೆ ಈ ಉಪಾಯವು ಒದಗಲಿಲ್ಲ. ಎಲುಬು ಕಿರಣಗಳನ್ನು ಹೀರಿ ನೆರಳನ್ನು ಕೆಡಹುತ್ತದೆ. ವಾಯುವು ತುಂಬಿದ ಮೃದುವಾದ ಅಂಗವು ಹೀರುವುದು ಅತ್ಯಲ್ಪ. ಪಕ್ಕೆಲುಬುಗಳ ಮತ್ತು ವಪೆಯ ಏರಿಳಿತವಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

ಕಿರಣಗಳು ಬಾಗದಿರಲಿಲ್ಲ, ಆ ಬಾಗುವಿಕೆಯು ಅತಿಸೂಕ್ಷ್ಮವಾಗಿತ್ತು. ಜಪಾನಿನ ಹ್ಯೋಗೋ ಪ್ರಾಂತದಲ್ಲಿ 1997ರಲ್ಲಿ ಕಾರ್ಯಾರಂಭ ಮಾಡಿದ ಸ್ಪ್ರಿಂಗ್-8 ಎಂಬ ಯಂತ್ರಾಗಾರದಲ್ಲಿ, 1,436 ಮೀಟರ್ ಸುತ್ತಳತೆಯ ವಲಯದೊಳಗೆ ಧಾವಿಸುವ ಎಲೆಕ್ಟ್ರಾನುಗಳಿಂದ ಬಹು ಪ್ರಖರವಾದ ಕ್ಷ-ಕಿರಣಗಳು ಹೊರಡುತ್ತವೆ. ಪ್ರಾಣಿಯ ಹಿಂದೆ ತುಸು ದೂರದಲ್ಲಿ ಚಿತ್ರಗ್ರಾಹಕವನ್ನಿಟ್ಟರೆ, ವಾಯುಕೋಶಗಳು ಅಸಂಖ್ಯಾತ ಪುಟ್ಟ ಮಸೂರಗಳಂತೆ ಕಿರಣಗಳನ್ನು ಬಾಗಿಸಿ ತಮ್ಮ ಇರವನ್ನು ತಾವೇ ತೋರಿಸಿಕೊಡುತ್ತವೆ. ದ್ರವವಿದ್ದೆಡೆ ಆ ಚಿತ್ತಾರವಿಲ್ಲ.

ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಹೂಪರ್, ಕಿಚನ್ ಮೊದಲಾದವರು ಅಲ್ಲಿ ಮೊಲದ ಮರಿಗಳ ಮೊದಲ ಉಸಿರುಗಳನ್ನು ಚಿತ್ರಿಸಿ 2007ರಲ್ಲಿ ಪ್ರಕಟಿಸಿದರು. ಪ್ರಸವಕಾಲದ ಸ್ರಾವಗಳಿಂದ ಶ್ವಾಸಕೋಶದ ಒಳಪದರವು ಉಪ್ಪನ್ನು ಹೀರುತ್ತದೆ, ಅದನ್ನು ನೀರು ಅನುಸರಿಸುತ್ತದೆ ಎಂಬುದೇ ಅದುವರೆಗಿನ ಪ್ರಬಲವಾದ ಮತವಾಗಿತ್ತು. ಚಿತ್ರಗಳಲ್ಲಿ ಕಂಡುದು ಬೇರೆ: ಉಸಿರನ್ನು ಒಳಗೆಳೆದಾಗಲೆಲ್ಲ ವಾಯುವು ಮುಂದೆ ಸರಿಯಿತು, ಉಸಿರುಗಳ ನಡುವೆ ನಿಂತಿತು. ದ್ರವವನ್ನು ಸುತ್ತಲಿನ ಅಂಗಾಂಶಕ್ಕೆ ನೂಕಿದುದು ಮುಖ್ಯವಾಗಿ ಆ ಎಳೆತವೇ.

2009ರಲ್ಲಿ, ಅಕಾಲದಲ್ಲಿ ಹುಟ್ಟಿಸಿದ ಮರಿಗಳಿಗೆ ಯಂತ್ರದಿಂದ ಉಸಿರಾಡಿಸಿ ನೋಡಿದರು. ನಿಶ್ವಾಸದ ಕೊನೆಯಲ್ಲಿ ಒತ್ತಡವನ್ನು ಪೂರ್ತಿಯಾಗಿ ಇಳಿಸಿದರೆ ವಾಯುವು ಒಳಗೆ ನೆಲೆನಿಲ್ಲಲಿಲ್ಲ. ಸ್ವಲ್ಪ ಒತ್ತಡವನ್ನುಳಿಸಿದರೆ ನಿಂತಿತು. ದಿನ ತುಂಬದೆ ಹುಟ್ಟಿದ ಶಿಶುಗಳ ಆರೈಕೆಗೆ ಇದು ದೃಢವಾದ ಆಧಾರವಾಯಿತು.

ರಾಂಟ್‌ಗನ್ನನು ಅರಸಿ ಕಾಣದ ಬಾಗುವಿಕೆಯೇ ಒಂದು ಶತಮಾನದ ಮೇಲೆ ಶ್ವಾಸದ ಮಾರ್ಗವನ್ನು ಬೆಳಗಿತು. ಆ ಬೆಳಕಿನಲ್ಲಿ ಉಸಿರಾಡಿ, ಪ್ರಯೋಗಶಾಲೆಯಲ್ಲಿಯೇ ಆಯುಸ್ಸನ್ನು ಮುಗಿಸಿದ ಮೂಕಜೀವಿಗಳ ಋಣವು ಮನುಷ್ಯಕುಲದ ಮೇಲೆ ಉಳಿದೇ ಇದೆ.