1979ರ ಪೀಕಿಂಗ್ ಯಾತ್ರೆ

ನೆರೆಯ ದೇಶದೊಡನೆ ಗಡಿಯ ವಿಚಾರ ಮಾತನಾಡುವುದು ರಾಯಭಾರಿಗಳ ಕೆಲಸವೆಂಬುದು ಹಳೆಯ ವಾಡಿಕೆ. ಪ್ರಜಾಸತ್ತೆಯಲ್ಲಿ ಆ ಕಾರ್ಯಕ್ಕೆ ಹೊರಡುವವನು ಎಷ್ಟೋ ಸಲ ಶಾಸನಸಭೆಯ ಸದಸ್ಯನೇ ಆಗಿರುತ್ತಾನೆ. ಸಭೆಯಲ್ಲಿ ತಾನೇ ಆಡಿದ ಮಾತುಗಳ ಹೊರೆಯನ್ನೂ ಆತ ಜೊತೆಯಲ್ಲಿ ಹೊತ್ತೊಯ್ಯಬೇಕಾಗುತ್ತದೆ. 1979ರ ಫೆಬ್ರವರಿಯಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಕೈಗೊಂಡ ಚೀನಾ ಯಾತ್ರೆ ಇದಕ್ಕೆ ತಕ್ಕ ನಿದರ್ಶನ.

1957ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದ ವಾಜಪೇಯಿಯವರು ನೆಹರೂ ಅವರ ಟಿಬೆಟ್ ಹಾಗೂ ಚೀನಾ ನೀತಿಯ ಕಟು ಟೀಕಾಕಾರರಾಗಿದ್ದರು. 1962ರಲ್ಲಿ ಗಡಿಯಲ್ಲಿ ಯುದ್ಧ ಹೊತ್ತಿಕೊಂಡಾಗ ಅವರು ರಾಜ್ಯಸಭೆಯ ಸದಸ್ಯರು, ವಯಸ್ಸು ಮೂವತ್ತೇಳು. ಸಂಸತ್ತನ್ನು ಕೂಡಲೇ ಕರೆಯಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ನವೆಂಬರ್ 8ರಂದು ಅಧಿವೇಶನ ಸೇರಿತು. ಆಕ್ರಮಣಕಾರನನ್ನು ನಾಡಿನ ನೆಲದಿಂದ ಹೊರದೂಡುವ ಸಂಕಲ್ಪವನ್ನು 14ರಂದು ಲೋಕಸಭೆ ಅಂಗೀಕರಿಸಿತು. ಮುಂದೆ ಯಾವ ಸರಕಾರವೇ ಬರಲಿ, ಆ ನಿರ್ಣಯವನ್ನು ಮರೆತು ಚೀನಾದೊಡನೆ ಮಾತನಾಡುವಂತಿರಲಿಲ್ಲ.

1976ರಲ್ಲಿ ಎರಡೂ ದೇಶಗಳು ಮತ್ತೆ ರಾಯಭಾರಿಗಳನ್ನು ನೇಮಿಸಿದವು. ಭಾರತದಿಂದ ಹೋದವರು ಕೆ. ಆರ್. ನಾರಾಯಣನ್. ಮರುವರ್ಷ ಜನತಾ ಸರಕಾರ ಬಂದಿತು; ನಿನ್ನೆಯ ಟೀಕಾಕಾರ ಇಂದಿನ ವಿದೇಶಾಂಗ ಸಚಿವರಾದರು. 1962ರ ಯುದ್ಧದ ತರುವಾಯ ಚೀನಾಕ್ಕೆ ಹೋದ ಮೊದಲ ಭಾರತೀಯ ವಿದೇಶಾಂಗ ಸಚಿವರು ಅವರೇ. ಬೇರೆಯವರು ಹೋಗಿದ್ದರೆ ನೆಲವನ್ನು ಬಿಟ್ಟುಕೊಡಲು ಹೊರಟರೆಂಬ ಅಪವಾದ ಏಳಬಹುದಾಗಿತ್ತು. ವಾಜಪೇಯಿಯವರಿಗೆ ಹಿಂದಿನ ಕಠಿಣ ಮಾತುಗಳೇ ರಕ್ಷೆಯಾದವು.

ಆಗ ಪೀಕಿಂಗ್ ಎಂದೇ ನಮಗೆ ಪರಿಚಿತವಾಗಿದ್ದ ರಾಜಧಾನಿಯಲ್ಲಿ ಅವರು ವಿದೇಶಾಂಗ ಸಚಿವ ಹುವಾಂಗ್ ಹುವಾ ಅವರನ್ನೂ, ಉಪಪ್ರಧಾನಿ ಡೆಂಗ್ ಷಿಯಾವೊಪಿಂಗ್ ಅವರನ್ನೂ ಕಂಡರು. ಗಡಿಯ ತೊಡಕನ್ನು ಸದ್ಯಕ್ಕೆ ಬದಿಗಿಟ್ಟು ಮಿಕ್ಕ ಕ್ಷೇತ್ರಗಳಲ್ಲಿ ಸಂಬಂಧ ಬೆಳೆಸೋಣ ಎಂಬುದು ಡೆಂಗ್ ಅವರ ನಿಲುವು. ಗಡಿ ಇತ್ಯರ್ಥವಾಗದೆ ವಿಶ್ವಾಸ ಪೂರ್ಣವಾಗದು ಎಂಬುದು ವಾಜಪೇಯಿಯವರದು. ಈಶಾನ್ಯದ ಬಂಡುಕೋರರಿಗೆ ಚೀನಾದಿಂದ ದೊರೆಯುತ್ತಿದ್ದ ನೆರವಿನ ವಿಷಯವನ್ನೂ ಅವರು ಎತ್ತಿದರು. ಕೈಲಾಸ ಮಾನಸಸರೋವರಗಳ ಯಾತ್ರೆಗೆ ಮತ್ತೆ ದಾರಿ ತೆರೆಯಬೇಕೆಂದು ಕೇಳಿದರು.

ಅಷ್ಟರಲ್ಲಿ ಫೆಬ್ರವರಿ 17ರಂದು ಚೀನೀ ಸೇನೆ ವಿಯೆಟ್ನಾಮನ್ನು ನುಗ್ಗಿತು. ಅತಿಥಿ ಇನ್ನೂ ಚೀನಾದ ಹಾಂಗ್‌ಝೌ ನಗರದಲ್ಲಿದ್ದರು. ವಿಯೆಟ್ನಾಮಿಗೆ ಪಾಠ ಕಲಿಸುವುದಾಗಿ ಚೀನೀ ನಾಯಕರು ಆಡಿದ ಮಾತು ಭಾರತೀಯರಿಗೆ 1962ರ ಗಾಯವನ್ನು ನೆನಪಿಸಿತು. ವಾಜಪೇಯಿಯವರು ಪ್ರವಾಸವನ್ನು ಮೊಟಕುಗೊಳಿಸಿ ಹಿಂದಿರುಗಿದರು. ಅದೇ ಜುಲೈನಲ್ಲಿ ಸರಕಾರವೂ ಉರುಳಿತು.

ಯಾತ್ರೆ ನಿಷ್ಫಲವಾಯಿತೆ? 1981ರಲ್ಲಿ ಹುವಾಂಗ್ ಹುವಾ ದೆಹಲಿಗೆ ಬಂದರು. ಆ ವರ್ಷವೇ ಕೈಲಾಸದ ದಾರಿ ತೆರೆಯಿತು. ಡಿಸೆಂಬರಿನಲ್ಲಿ ಅಧಿಕಾರಿಗಳ ಮಟ್ಟದ ಗಡಿ ಮಾತುಕತೆ ಆರಂಭವಾಯಿತು. ಗಡಿಯ ಚರ್ಚೆ ಒಂದೆಡೆ ನಡೆಯುತ್ತಿರುವಾಗಲೇ ಉಳಿದ ಸಂಬಂಧಗಳನ್ನೂ ಬೆಳೆಸುವ ಕ್ರಮಕ್ಕೆ 1988ರಲ್ಲಿ ರಾಜೀವ್ ಗಾಂಧಿಯವರು ಒಪ್ಪಿದರು. 1993ರಲ್ಲಿ ಗಡಿಯ ಶಾಂತಿಗಾಗಿ ಒಪ್ಪಂದವಾಯಿತು. 2003ರಲ್ಲಿ ವಾಜಪೇಯಿಯವರೇ ಪ್ರಧಾನಿಯಾಗಿ ಅಲ್ಲಿಗೆ ಹೋದಾಗ, ಗಡಿ ಇತ್ಯರ್ಥಕ್ಕೆ ಎರಡೂ ಕಡೆಯಿಂದ ವಿಶೇಷ ಪ್ರತಿನಿಧಿಗಳ ನೇಮಕವಾಯಿತು.

ಇಷ್ಟಾದರೂ 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ತೆತ್ತರು. ಆ ವರ್ಷ ನಿಂತುಹೋದ ಕೈಲಾಸ ಯಾತ್ರೆ ಮರಳಿ ಆರಂಭವಾದದ್ದು 2025ರಲ್ಲಿ. ಒಂದು ಯಾತ್ರೆಯಿಂದ, ಒಂದು ಒಪ್ಪಂದದಿಂದ ಗಡಿ ನಿಶ್ಚಿಂತವಾಗದು ಎಂಬುದನ್ನು ಈ ಅರ್ಧ ಶತಮಾನ ತೋರಿಸಿದೆ. 1962ರಲ್ಲಿ ಸಂಸತ್ತನ್ನು ಕರೆಯಿರಿ ಎಂದವರೂ 1979ರಲ್ಲಿ ಪೀಕಿಂಗಿಗೆ ಹೋದವರೂ ಒಬ್ಬರೇ. ಗಡಿಯ ವಿಷಯದಲ್ಲಿ ಪ್ರಶ್ನೆ ಕೇಳುವ ಸಭೆಯೂ ಬೇಕು, ಮಾತಿಗೆ ಹೊರಡುವ ಧೈರ್ಯವೂ ಬೇಕು ಎಂಬುದನ್ನು ಅವರ ಸಾರ್ವಜನಿಕ ಜೀವನದಿಂದ ನಾವು ತಿಳಿಯಬಹುದು.