ವಿಮಾನ ಪ್ರಯಾಣಿಕರ ಪರಿಹಾರದ ಹಕ್ಕು

ವಿಮಾನ ರದ್ದಾದಾಗ, ತಡವಾದಾಗ, ಇಲ್ಲವೇ ಟಿಕೆಟ್ ಇದ್ದೂ ಹತ್ತಲು ಬಿಡದಿದ್ದಾಗ ಪ್ರಯಾಣಿಕರು ವಿಮಾನ ಸಂಸ್ಥೆಯಿಂದ ಕೇಳಿ ಪಡೆಯಬಹುದಾದ ಹಣ ಮತ್ತು ಸವಲತ್ತು. ತಡವಾದರೆ ಸಂಸ್ಥೆಯೇ ಹೊಣೆ ಎಂಬ ಮಾತು 1929ರ ವಾರ್ಸಾ ಒಪ್ಪಂದದಲ್ಲೇ ಇತ್ತು. ಭಾರತದಲ್ಲಿ ಅದು 1934ರ, ಆಮೇಲೆ 1972ರ ಕಾಯ್ದೆಯಾಗಿ ಬಂತು. ಆದರೆ ಇಂಥದ್ದಕ್ಕೆ ಇಷ್ಟು ಎಂಬ ದರ ಅಲ್ಲಿರಲಿಲ್ಲ. ಯುರೋಪಿನ ಒಕ್ಕೂಟ 2005ರಿಂದ 250ರಿಂದ 600 ಯೂರೋವರೆಗೆ ದರ ಜಾರಿಗೆ ತಂದಿತು.

ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಜಾರಿಗೆ ಬಂದದ್ದು 2010ರ ಆಗಸ್ಟ್‌ನಲ್ಲಿ. 2016ರ ತಿದ್ದುಪಡಿಯಲ್ಲಿ ಮೊತ್ತ ಏರಿತು: ಸೂಚನೆ ಕೊಡದೆ ರದ್ದು ಮಾಡಿದರೆ ಪ್ರಯಾಣದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹತ್ತಲು ಬಿಡದಿದ್ದರೆ ಗರಿಷ್ಠ 20,000. ಬರೀ ತಡವಾದರೆ ನಗದಿಲ್ಲ. ಊಟ ತಿಂಡಿ, ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಟಿಕೆಟ್ ಹಣ ವಾಪಸು. ಹವಾಮಾನ, ಮುಷ್ಕರ ಮುಂತಾದ ಕಾರಣಗಳಿದ್ದರೆ ಸಂಸ್ಥೆಗೆ ವಿನಾಯಿತಿ. ಜಗಳವೆಲ್ಲ ಹುಟ್ಟುವುದು ಈ ಕೊನೆಯ ಸಾಲಿನಿಂದಲೇ.

2023ರ ಜನವರಿ 9ರಂದು ಬೆಂಗಳೂರಿನಲ್ಲಿ ಗೋ ಫಸ್ಟ್ ವಿಮಾನವೊಂದು 55 ಪ್ರಯಾಣಿಕರನ್ನು ನಿಲ್ದಾಣದ ಬಸ್ಸಿನಲ್ಲೇ ಬಿಟ್ಟು ದೆಹಲಿಗೆ ಹಾರಿತು. ಡಿಜಿಸಿಎ 10 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಹೋಗುವುದು ಸರ್ಕಾರಕ್ಕೆ. ಪ್ರಯಾಣಿಕರಿಗೆ ಸಂಸ್ಥೆ ಘೋಷಿಸಿದ್ದು ವರ್ಷದೊಳಗೆ ಬಳಸಬೇಕಾದ ಒಂದೊಂದು ಉಚಿತ ಟಿಕೆಟ್. ಮೇ ತಿಂಗಳಿಗೆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದಾಗ ಹುಬ್ಬಳ್ಳಿಯ ಆರತಕ್ಷತೆಯೊಂದರಲ್ಲಿ ಮದುಮಕ್ಕಳ ಕುರ್ಚಿಯಲ್ಲಿ ಹೆತ್ತವರು ಕೂತರು. ಭುವನೇಶ್ವರದಲ್ಲಿ ಸಿಕ್ಕಿಬಿದ್ದ ಜೋಡಿ ಪರದೆಯ ಮೇಲೆ ಕಾಣಿಸಿಕೊಂಡಿತು. ಇಂಥ ನಷ್ಟಕ್ಕೆ ಡಿಜಿಸಿಎ ಪಟ್ಟಿಯಲ್ಲಿ ದರವಿಲ್ಲ. ಅದನ್ನು ಕೇಳಬೇಕಾದದ್ದು ಗ್ರಾಹಕ ಆಯೋಗದಲ್ಲಿ.

1986ರ ಗ್ರಾಹಕ ಕಾಯ್ದೆಯ ಪ್ರಕಾರ ದೂರು ಕೊಡಬೇಕಿದ್ದದ್ದು ಸಂಸ್ಥೆಯ ಕಚೇರಿ ಇರುವ ಕಡೆ ಅಥವಾ ತೊಂದರೆ ಆದ ಕಡೆ. ಉದಾಹರಣೆಗೆ, ಮಂಡ್ಯ ಜಿಲ್ಲೆಯ ಗಂಜಾಂನವರು ಸಾಮಾನ್ಯವಾಗಿ ಬೆಂಗಳೂರಿಗೇ ಅಲೆಯಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಟ್ಟಿತು. ಗಂಜಾಂನವರಿಗೆ ಈಗ ಮಂಡ್ಯದ ಜಿಲ್ಲಾ ಆಯೋಗವೇ ಸಾಕು. ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ಗಡುವು ಎರಡು ವರ್ಷ.